ಕನ್ನಡಕಕ್ಕೆ ನಾಚಿಕೆಯೇಕೆ?



ಕಾಯಕ ಮಾಡುವ ಕೈಯನ್ನು ನಾವು ಕೊಂಡಾಡುತ್ತೇವೆ. ಆ ಕೈಗೆ ದಾರಿ ತೋರುವ ಕಣ್ಣನ್ನು ಮಾತ್ರ ಅದು ಮಸುಕಾಗುವವರೆಗೂ ನೆನೆಯುವುದಿಲ್ಲ. ಮಸುಕಾದ ಮೇಲೂ ‘ವಯಸ್ಸಾಯಿತು’ ಎಂದು ಸುಮ್ಮನಾಗುವ ಹಿರಿಯರು, ‘ಕನ್ನಡಕ ಹಾಕಿದರೆ ಜನ ಏನೆಂದಾರು’ ಎಂದು ಹಿಂಜರಿಯುವ ತಾಯಂದಿರು, ಕರಿಹಲಗೆಯ ಅಕ್ಷರ ಕಾಣದಿದ್ದರೂ ಬಾಯಿ ಬಿಡದ ಮಕ್ಕಳು ನಮ್ಮ ಮನೆಮನೆಗಳಲ್ಲಿದ್ದಾರೆ. ಕಣ್ಣಿನ ತೊಂದರೆಗಳಲ್ಲಿ ಅತ್ಯಂತ ಸಾಮಾನ್ಯವಾದುದು ವಕ್ರೀಭವನ ದೋಷ. ಅತ್ಯಂತ ಸುಲಭವಾಗಿ ಪರಿಹಾರವಾಗುವುದೂ ಅದೇ. ಹೀಗಿದ್ದೂ ಅದನ್ನು ಸರಿಪಡಿಸಿಕೊಳ್ಳಲು ನಾವು ವರ್ಷಗಟ್ಟಲೆ ತಡಮಾಡುತ್ತೇವೆ. ಆ ತಡಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ, ಕಣ್ಣಿಗೆ ಹತ್ತಿರವಿಟ್ಟುಕೊಂಡು ಮಾಡಬೇಕಾದ ಕಾಯಕದವರು ಅನೇಕರಿದ್ದರು. ಕದಿರ ರೆಮ್ಮವ್ವೆಯವರದು ನೂಲುವ ಕಾಯಕ. ಸೂಜಿಕಾಯಕದ ರಾಮಿತಂದೆಯವರದು ಹೊಲಿಯುವ ಕಾಯಕ. ಅವರಿಗೂ ಹಿಂದಿನವರೆನ್ನಲಾದ ಜೇಡರ ದಾಸಿಮಯ್ಯನವರದು ನೇಯುವ ಕಾಯಕ. ಅವರ ಕಾಲಕ್ಕೆ ಕನ್ನಡಕವೆಂಬ ವಸ್ತು ಇನ್ನೂ ಹುಟ್ಟಿರಲಿಲ್ಲ. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಇಟಲಿ ದೇಶದಲ್ಲಿ ಅದು ಮೊದಲು ಬಳಕೆಗೆ ಬಂದಿತು. ಅದಕ್ಕೆ ಹಿಂದೆ, ವಯಸ್ಸು ನಲವತ್ತು ದಾಟಿ ಸೂಜಿಯ ಕಣ್ಣು ಕಾಣದಾದ ಮೇಲೆ ಮನುಷ್ಯನು ಎಳೆಯರ ನೆರವನ್ನು ಬೇಡಬೇಕಾಗಿತ್ತು, ಇಲ್ಲವೆ ಕೆಲಸವನ್ನೇ ಬಿಡಬೇಕಾಗಿತ್ತು. ಅವರಿಗೆ ದೊರೆಯದ ಅನುಕೂಲ ನಮಗೆ ದೊರೆತಿದೆ. ಅದನ್ನು ಬಳಸಿಕೊಳ್ಳದಿರುವುದು ನಮ್ಮ ಅವಿವೇಕ.

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ದೊಡ್ಡಬಳ್ಳಾಪುರದ ಮಗ್ಗಗಳು ವಿದ್ಯುತ್ತಿನಿಂದ ಓಡಬಹುದು. ಆದರೆ ಹರಿದ ಎಳೆಯನ್ನು ಹುಡುಕಿ ತೆಗೆದು ಗಂಟು ಹಾಕುವ ಕೆಲಸ ಇಂದಿಗೂ ಮನುಷ್ಯನ ಕಣ್ಣು ಮತ್ತು ಬೆರಳಿನದು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರು ಕೂದಲಿಗಿಂತ ಸಣ್ಣದಾದ ಎಳೆಯ ತುದಿಯನ್ನು ಹಿಡಿಯಬೇಕು. ಹೊಸಕೋಟೆಯ ಕಾರ್ಖಾನೆಗಳಲ್ಲಿ ಅಳತೆಯ ಸೂಕ್ಷ್ಮ ಗೆರೆಗಳನ್ನು ಓದುವ ಕಾರ್ಮಿಕರಿದ್ದಾರೆ. ನೆಲಮಂಗಲದ ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಲಾರಿ ನಡೆಸುವವರಿಗೆ ದೂರದ ನೋಟವೇ ಪ್ರಾಣರಕ್ಷೆ. ಕಣ್ಣು ಕೈಕೊಟ್ಟರೆ ಇವರ ಅನ್ನಕ್ಕೇ ಸಂಚಕಾರ.

ಕಣ್ಣು ಕಾಣುವ ಬಗೆ

ವಸ್ತುವಿನಿಂದ ಹೊರಟ ಬೆಳಕು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೂಲಕ ಒಳಹೊಕ್ಕು, ಪಾಪೆಯನ್ನು ದಾಟಿ, ಅದರ ಹಿಂದಿರುವ ಮಸೂರವನ್ನು ಹಾದು, ಹಿಂಬದಿಯ ಪರದೆಯಾದ ಅಕ್ಷಿಪಟಲದ ಮೇಲೆ ಬೀಳುತ್ತದೆ. ಹೀಗೆ ಹಾದುಹೋಗುವಾಗ ಬೆಳಕಿನ ಕಿರಣಗಳು ಬಾಗುವುದನ್ನೇ ವಕ್ರೀಭವನ ಎನ್ನುತ್ತಾರೆ. ಈ ಬಾಗಿಸುವ ಶಕ್ತಿಯ ಅಳತೆ ಡಯಾಪ್ಟರ್. ನಾವು ಬಾಯಿಮಾತಿನಲ್ಲಿ ‘ನಂಬರು’ ಎನ್ನುವುದು ಇದನ್ನೇ. ಮನುಷ್ಯನ ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಮೂರನೆಯ ಎರಡು ಭಾಗ ಕಾರ್ನಿಯಾದ್ದು, ಉಳಿದುದು ಮಸೂರದ್ದು.

ಪ್ರಾಯದವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುತ್ತದೆ. ಈ ಉದ್ದಕ್ಕೂ ಕಣ್ಣಿನ ಶಕ್ತಿಗೂ ಹೊಂದಾಣಿಕೆಯಿದ್ದರೆ ಬಿಂಬವು ಪರದೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಉದ್ದದಲ್ಲಿ ಒಂದೇ ಒಂದು ಮಿಲಿಮೀಟರ್ ವ್ಯತ್ಯಾಸವಾದರೂ ನಂಬರಿನಲ್ಲಿ ಎರಡೂವರೆಯಿಂದ ಮೂರರಷ್ಟು ಹೆಚ್ಚುಕಡಿಮೆಯಾಗುತ್ತದೆ. ಮಗುವಿನ ಕಾಲು ಕೊಂಚ ನೀಳವಾಗಿ ಬೆಳೆದರೆ ನಾವು ಅದನ್ನು ರೋಗವೆನ್ನುವುದಿಲ್ಲ. ಅದರ ಕಣ್ಣು ಒಂದು ಮಿಲಿಮೀಟರ್ ನೀಳವಾದರೆ ಮಾತ್ರ ಮನೆತನಕ್ಕೇ ಕುಂದು ಬಂದಂತೆ ಕಳವಳಪಡುತ್ತೇವೆ.

ದೋಷಗಳು ನಾಲ್ಕು

ಮೊದಲನೆಯದು ಸಮೀಪದೃಷ್ಟಿ. ಇಲ್ಲಿ ಕಣ್ಣುಗುಡ್ಡೆ ಉದ್ದವಾಗಿರುವುದರಿಂದ ದೂರದ ವಸ್ತುವಿನ ಬಿಂಬ ಪರದೆಗೆ ಮುಂಚಿತವಾಗಿಯೇ ಮೂಡುತ್ತದೆ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ನಡುವೆ ತಗ್ಗಾಗಿರುವ ನಿಮ್ನ ಮಸೂರ, ಎಂದರೆ ‘ಮೈನಸ್’ ಗಾಜು, ಇದನ್ನು ಸರಿಪಡಿಸುತ್ತದೆ. ಮೈನಸ್ 2 ನಂಬರಿನವರಿಗೆ ಬರಿಗಣ್ಣಿನಲ್ಲಿ ಸ್ಪಷ್ಟವಾಗಿ ಕಾಣುವುದು ಅರ್ಧ ಮೀಟರಿನವರೆಗೆ. ಮೈನಸ್ 4ರವರಿಗೆ ಕಾಲು ಮೀಟರಿನವರೆಗೆ ಮಾತ್ರ.

ಎರಡನೆಯದು ದೂರದೃಷ್ಟಿ. ಕಣ್ಣುಗುಡ್ಡೆ ಗಿಡ್ಡವಾಗಿದ್ದು ಬಿಂಬ ಪರದೆಯ ಹಿಂದಕ್ಕೆ ಹೋಗುತ್ತದೆ. ಎಳೆಯರು ಮಸೂರವನ್ನು ಬಿಗಿದು ಹೇಗೋ ನಿಭಾಯಿಸುತ್ತಾರೆ. ಅದರ ಫಲವಾಗಿ ತಲೆನೋವು, ಓದಿನಲ್ಲಿ ಬೇಸರ, ಕೆಲವೊಮ್ಮೆ ಕಣ್ಣು ಒಳಕ್ಕೆ ವಾಲುವ ಮೆಳ್ಳೆಗಣ್ಣು ಉಂಟಾಗುತ್ತವೆ. ಇದಕ್ಕೆ ನಡುವೆ ಉಬ್ಬಿದ ಪೀನ ಮಸೂರ, ಎಂದರೆ ‘ಪ್ಲಸ್’ ಗಾಜು ಪರಿಹಾರ.

ಮೂರನೆಯದು ಅಸಮದೃಷ್ಟಿ. ಕಾರ್ನಿಯಾ ಚೆಂಡಿನಂತೆ ಎಲ್ಲ ಕಡೆ ಸಮನಾಗಿರದೆ, ಮೊಟ್ಟೆಯ ಪಕ್ಕದಂತೆ ಒಂದು ದಿಕ್ಕಿನಲ್ಲಿ ಹೆಚ್ಚು ಬಾಗಿರುತ್ತದೆ. ಆಗ ಅಡ್ಡಗೆರೆ ಸರಿಯಾಗಿ ಕಂಡರೆ ಉದ್ದಗೆರೆ ಕದಡುತ್ತದೆ. ಖಗೋಳ ವಿಜ್ಞಾನಿ ಜಾರ್ಜ್ ಏರಿ ಎಂಬುವರು 1825ರ ಸುಮಾರಿಗೆ ತಮ್ಮದೇ ಕಣ್ಣಿನ ಈ ದೋಷಕ್ಕಾಗಿ ಸಿಲಿಂಡರ್ ಮಸೂರವನ್ನು ಮಾಡಿಸಿಕೊಂಡರು. ಇಂದಿಗೂ ವೈದ್ಯರ ಚೀಟಿಯಲ್ಲಿ ಮೊದಲು ಗೋಳದ ನಂಬರು, ಅನಂತರ ‘ಸಿಲಿಂಡರ್’, ಅದರ ಪಕ್ಕದಲ್ಲಿ ಅದನ್ನು ಕೂರಿಸಬೇಕಾದ ಕೋನವಾದ ‘ಆಕ್ಸಿಸ್’ ಇರುತ್ತವೆ. ಸಿಲಿಂಡರ್ ಇರುವ ಕನ್ನಡಕದ ಕಟ್ಟು ಸೊಟ್ಟಗಾದರೆ ಕೋನ ತಪ್ಪಿ ನೋಟವೂ ಕೆಡುತ್ತದೆ. ಅಂತಹ ಕನ್ನಡಕವನ್ನು ಅಂಗಡಿಗೆ ಒಯ್ದು ನೆಟ್ಟಗೆ ಮಾಡಿಸಿಕೊಳ್ಳಬೇಕು.

ನಾಲ್ಕನೆಯದು ನಮ್ಮ ಹಿರಿಯರು ಬಲ್ಲ ‘ಚಾಳೀಸು’. ನಲವತ್ತು ಎಂಬ ಅರ್ಥದ ಈ ಮಾತು ಕನ್ನಡಕಕ್ಕೇ ಹೆಸರಾಗಿ ನಿಂತದ್ದು ಎಷ್ಟು ಉಚಿತ! ಮಗುವಿನ ಮಸೂರ ಮೃದು. ಹತ್ತಿರದ್ದನ್ನು ನೋಡಬೇಕಾದಾಗ ಅದು ತಾನಾಗಿ ಉಬ್ಬಿಕೊಳ್ಳುತ್ತದೆ. ವರ್ಷ ಕಳೆದಂತೆ ಅದು ಗಡುಸಾಗುತ್ತದೆ. ನಲವತ್ತರ ಆಚೀಚೆ ಪುಸ್ತಕವನ್ನು ತೋಳಿನಳತೆಗೆ ದೂರ ಹಿಡಿಯುವ ಕಾಲ ಬರುತ್ತದೆ. ಸಾಮಾನ್ಯವಾಗಿ ಪ್ಲಸ್ 1ರಿಂದ ಆರಂಭವಾಗಿ ಅರುವತ್ತರ ವೇಳೆಗೆ ಪ್ಲಸ್ 2.5ರ ಸುಮಾರಿನಲ್ಲಿ ಇದು ನಿಲ್ಲುತ್ತದೆ. ಇದು ಅರಸನಿಗೂ ಆಳಿಗೂ ತಪ್ಪದು.

ಮಗುವಿನ ಕಣ್ಣು ಕಾಯುವುದಿಲ್ಲ

ಈ ನಾಲ್ಕರಲ್ಲಿ ದೊಡ್ಡವರ ದೋಷವನ್ನು ಇಂದಲ್ಲದಿದ್ದರೆ ನಾಳೆ ಸರಿಪಡಿಸಬಹುದು. ಮಕ್ಕಳ ವಿಷಯ ಹಾಗಲ್ಲ. ಹುಟ್ಟಿದಂದಿನಿಂದ ಏಳೆಂಟು ವರ್ಷಗಳವರೆಗೆ ಮಗುವಿನ ಮಿದುಳು ನೋಡುವುದನ್ನು ಕಲಿಯುತ್ತಿರುತ್ತದೆ. ಒಂದು ಕಣ್ಣಿನಲ್ಲಿ ದೋಷ ಹೆಚ್ಚಾಗಿದ್ದು ಮತ್ತೊಂದು ಸರಿಯಾಗಿದ್ದರೆ, ಮಿದುಳು ಮಸುಕಾದ ಕಣ್ಣಿನ ಬಿಂಬವನ್ನು ತಳ್ಳಿಬಿಟ್ಟು ಒಳ್ಳೆಯ ಕಣ್ಣನ್ನೇ ನೆಚ್ಚುತ್ತದೆ. ಹೀಗೆ ಕೈಬಿಟ್ಟ ಕಣ್ಣಿಗೆ ವೈದ್ಯರು ‘ಸೋಮಾರಿ ಕಣ್ಣು’ ಎನ್ನುತ್ತಾರೆ. ಸಕಾಲದಲ್ಲಿ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣನ್ನು ದಿನದಲ್ಲಿ ಕೆಲವು ಗಂಟೆ ಮುಚ್ಚಿ ಅಭ್ಯಾಸ ಮಾಡಿಸಿದರೆ ಆ ಕಣ್ಣು ಮರಳಿ ದುಡಿಯತೊಡಗುತ್ತದೆ. ವಯಸ್ಸು ಮೀರಿದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ. ಆಮೇಲೆ ಎಷ್ಟು ಬೆಲೆಯ ಕನ್ನಡಕ ಹಾಕಿದರೂ ನೋಟ ಪೂರ್ಣವಾಗಿ ಬಾರದು.

ಕೇಡೆಂದರೆ, ಒಂದು ಕಣ್ಣು ಚೆನ್ನಾಗಿರುವ ಮಗು ಎಲ್ಲೂ ಎಡವುವುದಿಲ್ಲ, ಏನನ್ನೂ ಹೇಳುವುದಿಲ್ಲ. ಅದಕ್ಕೆ ಬೇರೆ ನೋಟವೇ ತಿಳಿಯದು. ಆದುದರಿಂದ ಪರೀಕ್ಷಿಸುವ ಹೊಣೆ ಹೆತ್ತವರದು. ಗೋಡೆಯ ಕ್ಯಾಲೆಂಡರಿನ ಎದುರು ಮಗುವನ್ನು ನಿಲ್ಲಿಸಿ, ಅಂಗೈಯಿಂದ ಒಂದೊಂದೇ ಕಣ್ಣನ್ನು ಒತ್ತದಂತೆ ಮುಚ್ಚಿಸಿ, ಅಂಕಿಗಳನ್ನು ಓದಿಸಿ ನೋಡಿ. ಎರಡು ಕಣ್ಣಿಗೂ ವ್ಯತ್ಯಾಸ ಕಂಡರೆ, ಒಂದು ಕಣ್ಣು ಮುಚ್ಚಿದೊಡನೆ ಮಗು ಅಳತೊಡಗಿದರೆ, ಕಣ್ಣು ಕಿರಿದು ಮಾಡಿ ನೋಡಿದರೆ, ಕೂಡಲೇ ವೈದ್ಯರಲ್ಲಿಗೆ ಹೋಗಿ. ಮೆಳ್ಳೆಗಣ್ಣು ಅದೃಷ್ಟದ ಚಿಹ್ನೆ ಎಂಬ ಮಾತನ್ನು ನಂಬಿ ಕೂರಬೇಡಿ. ಮನೆಯ ಪರೀಕ್ಷೆಯಲ್ಲಿ ಎಲ್ಲವೂ ಸರಿ ಕಂಡರೂ, ಶಾಲೆಗೆ ಸೇರಿಸುವ ಮುನ್ನ ಒಮ್ಮೆ ಕಣ್ಣಿನ ತಪಾಸಣೆ ಮಾಡಿಸುವುದು ಲೇಸು.

ಸಮೀಪದೃಷ್ಟಿ ಇಂದು ಲೋಕದೆಲ್ಲೆಡೆ ಮಕ್ಕಳಲ್ಲಿ ಹೆಚ್ಚುತ್ತಿದೆ. ತಂದೆತಾಯಿಯರಿಂದ ಬರುವ ಗುಣವೂ, ಸದಾ ಹತ್ತಿರದ ಕೆಲಸವೂ, ಬಯಲಿನ ಬೆಳಕು ಕಾಣದಿರುವುದೂ ಇದಕ್ಕೆ ಕಾರಣಗಳು. ತೈವಾನ್ ದೇಶದಲ್ಲಿ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗಿನ ಬೆಳಕಿನಲ್ಲಿ ಇರಿಸುವ ಕಾರ್ಯಕ್ರಮ ನಡೆಸಿ ಒಳ್ಳೆಯ ಫಲ ಕಂಡರು. ನಮ್ಮ ಹಳ್ಳಿಗಳಲ್ಲಿ ಬಯಲಿಗೆ ಬರಗಾಲವಿಲ್ಲ. ಮಕ್ಕಳು ಮಾತ್ರ ಮೊಬೈಲು ಹಿಡಿದು ಮೂಲೆ ಸೇರಿದ್ದಾರೆ. ನಂಬರು ಮೈನಸ್ 6 ದಾಟಿದವರಿಗೆ ಮುಂದೆ ಅಕ್ಷಿಪಟಲ ಕಳಚುವ ಅಪಾಯ ಹೆಚ್ಚು. ವರ್ಷಕ್ಕೊಮ್ಮೆ ತಪಾಸಣೆ, ದಿನಕ್ಕೆರಡು ಗಂಟೆ ಬಯಲಿನ ಆಟ, ಇವೆರಡನ್ನು ಮನೆಯ ನಿಯಮ ಮಾಡಿಕೊಳ್ಳಿ. ನಂಬರಿನ ಏರಿಕೆಯನ್ನು ತಡೆಯಲು ಕೊಡುವ ಕಣ್ಣಹನಿಗಳೂ ಈಗ ಇವೆ. ಅವು ಬೇಕೆ ಬೇಡವೆ ಎಂಬುದನ್ನು ನೇತ್ರವೈದ್ಯರೇ ನಿರ್ಧರಿಸಬೇಕು.

ಕರಸ್ಥಲದ ನೋಟ

ಇಷ್ಟಲಿಂಗವನ್ನು ಎಡಗೈಯ ಕರಸ್ಥಲದಲ್ಲಿರಿಸಿಕೊಂಡು ದೃಷ್ಟಿ ನೆಟ್ಟು ಪೂಜಿಸುವ ಪದ್ಧತಿ ನಮ್ಮದು. ಆಗ ಅಂಗೈ ಮುಖಕ್ಕೆ ಸುಮಾರಾಗಿ ಓದುವ ಪುಸ್ತಕದಷ್ಟೇ ಹತ್ತಿರವಿರುತ್ತದೆ. ಆದಕಾರಣ ಚಾಳೀಸಿನ ಮೊದಲ ಸುಳಿವು ನಮ್ಮವರಿಗೆ ಪೂಜೆಯ ಹೊತ್ತಿನಲ್ಲಿಯೇ ದೊರೆಯಬಹುದು. ನೋಟ ನಿಲ್ಲದು, ಕಣ್ಣು ನೀರಾಡುತ್ತದೆ, ಹಣೆ ನೋಯುತ್ತದೆ. ಇದನ್ನು ಮನಸ್ಸಿನ ಚಂಚಲತೆಯೆಂದೂ ಭಕ್ತಿಯ ಕೊರತೆಯೆಂದೂ ಭಾವಿಸಿ ಒಳಗೊಳಗೇ ನೊಂದುಕೊಳ್ಳುವ ಹಿರಿಯರಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟೆ: ನಿಮ್ಮ ಭಕ್ತಿ ಕುಂದಿಲ್ಲ, ಮಸೂರ ಗಡುಸಾಗಿದೆ. ಕನ್ನಡಕ ಧರಿಸಿ ಪೂಜೆಗೆ ಕುಳಿತರೆ ಪೂಜೆಗೆ ಯಾವ ಲೋಪವೂ ಬಾರದೆಂದು ನಾವು ತಿಳಿದಿದ್ದೇವೆ. ದೃಷ್ಟಿ ನೆಡುವ ಅಭ್ಯಾಸದಿಂದ ಚಿತ್ತಕ್ಕೆ ಏಕಾಗ್ರತೆ ಬರುತ್ತದೆ. ಆದರೆ ಅದರಿಂದ ಕಣ್ಣುಗುಡ್ಡೆಯ ಉದ್ದ ಬದಲಾಗದು, ನಂಬರೂ ಇಳಿಯದು. ಎರಡನ್ನೂ ಅವುಗಳ ಸ್ಥಾನದಲ್ಲಿರಿಸಿ ಗೌರವಿಸೋಣ.

ಚಾಳೀಸಿನ ಕನ್ನಡಕ ದುಡಿಮೆಗೆ ಎಷ್ಟು ನೆರವಾಗುತ್ತದೆಂಬುದನ್ನು ಅಳೆದು ನೋಡಿದವರಿದ್ದಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಮಂದಿ ಎಲೆ ಕೀಳುವವರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದ ನೋಟದ ಕನ್ನಡಕ ಪಡೆದವರ ದುಡಿಮೆ ಪಡೆಯದವರಿಗಿಂತ ಶೇಕಡಾ 21ಕ್ಕೂ ಮಿಗಿಲಾಗಿ ಹೆಚ್ಚಿತು. ಬಾಂಗ್ಲಾದೇಶದ ಹಳ್ಳಿಗರಲ್ಲಿ ನಡೆದು 2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಕನ್ನಡಕ ಪಡೆದವರ ಆದಾಯ ಸುಮಾರು ಮೂರನೆಯ ಒಂದು ಭಾಗದಷ್ಟು ಏರಿತು. ಚಹಾ ಎಲೆಗಿಂತ ರೇಷ್ಮೆಯ ಎಳೆ ಎಷ್ಟು ಸಣ್ಣದು! ‘ಕಣ್ಣು ಹೋಯಿತು, ಇನ್ನು ಮಗ್ಗ ಮಾರಿಬಿಡೋಣ’ ಎಂದು ಯೋಚಿಸುವ ನೇಕಾರ ಬಂಧುಗಳು ಮೊದಲು ಒಂದು ಕನ್ನಡಕ ಮಾಡಿಸಿ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಸಂತೆ ಜಾತ್ರೆಗಳಲ್ಲಿ ಮಾರುವ ಸಿದ್ಧ ಕನ್ನಡಕದಿಂದ, ಎರಡೂ ಕಣ್ಣು ಸಮನಾಗಿದ್ದವರಿಗೆ, ಓದಿಗೆ ಮಟ್ಟಿಗೆ ಅನುಕೂಲವಾದೀತು. ಆದರೆ ಸಂತೆಯವನು ಕಣ್ಣಿನ ಒತ್ತಡ ಅಳೆಯುವುದಿಲ್ಲ. ಒತ್ತಡ ಏರಿ ನೋಟದ ನರವನ್ನು ಸದ್ದಿಲ್ಲದೆ ಕೊರೆಯುವ ಗ್ಲಾಕೋಮಾ ನಲವತ್ತರ ನಂತರವೇ ಹೆಚ್ಚು. ಚಾಳೀಸಿನ ನೆಪದಲ್ಲಿ ಒಮ್ಮೆ ವೈದ್ಯರೆದುರು ಕುಳಿತರೆ ಅದೂ ಪತ್ತೆಯಾಗುತ್ತದೆ. ಹಾಗೆಯೇ ಎಪ್ಪತ್ತರ ಅಜ್ಜಿಯೊಬ್ಬರು ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಓದತೊಡಗಿದರೆ ‘ಕಣ್ಣು ಮರಳಿ ಬಂತು’ ಎಂದು ಹಿಗ್ಗಬೇಡಿ. ಪೊರೆ ಬೆಳೆಯುವಾಗ ಕಣ್ಣು ಸಮೀಪದೃಷ್ಟಿಯ ಕಡೆಗೆ ವಾಲುವುದುಂಟು. ಸಕ್ಕರೆ ಕಾಯಿಲೆಯವರಿಗೆ ನಂಬರು ಏಕಾಏಕಿ ಬದಲಾದರೆ ಮೊದಲು ರಕ್ತದ ಸಕ್ಕರೆಯನ್ನು ಹತೋಟಿಗೆ ತಂದುಕೊಂಡು, ಅನಂತರ ಕನ್ನಡಕ ಮಾಡಿಸಬೇಕು.

ಹೆಣ್ಣುಮಕ್ಕಳ ಮಾತು

ಹುಡುಗನ ಕನ್ನಡಕ ವಿದ್ಯೆಯ ಗುರುತು, ಹುಡುಗಿಯ ಕನ್ನಡಕ ಊನ ಎಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಹೆಣ್ಣು ನೋಡಲು ಬರುವ ದಿನ ‘ಅದನ್ನು ತೆಗೆದಿಡು ತಾಯಿ’ ಎನ್ನುವ ಮನೆಗಳಿವೆ. ಆ ಹುಡುಗಿ ಎದುರು ಕುಳಿತ ವರನ ಮುಖವನ್ನೇ ಸರಿಯಾಗಿ ಕಾಣದೆ ಒಪ್ಪಿಗೆ ಸೂಚಿಸಬೇಕು. ಮುಂದೆ ಅತ್ತೆಯ ಮನೆಯಲ್ಲಿ ಸತ್ಯ ಹೊರಬಿದ್ದಾಗ ಮಾತು ಕೇಳಬೇಕು. ಸತಿಪತಿಗಳು ಕೂಡಿ ಬಾಳುವ ಬದುಕಿಗೆ ಮರೆಮಾಚುವಿಕೆಯ ತಳಹದಿ ತರವಲ್ಲ. ಹೆಣ್ಣುಮಕ್ಕಳಿಗೂ ಅನುಭಾವ ಗೋಷ್ಠಿಯಲ್ಲಿ ಸಮಸ್ಥಾನ ಕೊಟ್ಟ ಪರಂಪರೆ ನಮ್ಮದು. ಕನ್ನಡಕ ಧರಿಸಿದ ಸೊಸೆಯನ್ನು ಮುಕ್ತ ಮನಸ್ಸಿನಿಂದ ಬರಮಾಡಿಕೊಳ್ಳುವುದು ಆ ಪರಂಪರೆಗೆ ಸಲ್ಲುವ ನಡೆ. ಗಂಡಿನ ಕಡೆಯವರು ಈ ಮಾತನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಕನ್ನಡಕ ಬೇಡವೆನ್ನುವವರಿಗೆ ಕಾಂಟ್ಯಾಕ್ಟ್ ಲೆನ್ಸ್ ಇದೆ. ಆದರೆ ಕೈ ತೊಳೆಯದೆ ಮುಟ್ಟುವುದು, ನಲ್ಲಿಯ ನೀರಿನಲ್ಲಿ ತೊಳೆಯುವುದು, ಹಾಕಿಕೊಂಡೇ ಮಲಗುವುದು ಕಣ್ಣಿಗೆ ಅಪಾಯಕರ. ಲೇಸರ್ ಶಸ್ತ್ರಚಿಕಿತ್ಸೆಯಿಂದ ಕಾರ್ನಿಯಾದ ಬಾಗನ್ನು ತಿದ್ದಬಹುದು. ಹದಿನೆಂಟು ತುಂಬಿದ, ಒಂದು ವರ್ಷವಾದರೂ ನಂಬರು ಬದಲಾಗದೆ ನಿಂತ, ಕಾರ್ನಿಯಾ ಸಾಕಷ್ಟು ದಪ್ಪವಿರುವವರಿಗೆ ಮಾತ್ರ ಅದು ಸಲ್ಲುತ್ತದೆ. ಅದನ್ನು ಮಾಡಿಸಿಕೊಂಡವರಿಗೂ ನಲವತ್ತರಲ್ಲಿ ಚಾಳೀಸು ತಪ್ಪದು.

ಕೆಲವು ತಪ್ಪು ತಿಳಿವಳಿಕೆಗಳು

ಕನ್ನಡಕ ಹಾಕಿದರೆ ನಂಬರು ಏರುತ್ತದೆಂಬುದು ತಪ್ಪು. ಬೆಳೆಯುವ ಮಗುವಿನ ಕಣ್ಣು ಬೆಳೆಯುವುದರಿಂದ ನಂಬರು ಏರುತ್ತದೆ. ಅಂಗಿ ಹಾಕಿದ್ದರಿಂದ ಮಗು ಎತ್ತರವಾಯಿತು ಎಂದಂತೆ ಈ ಆರೋಪ. ಹೊನಗೊನ್ನೆ ಸೊಪ್ಪು, ಗಜ್ಜರಿ, ಪರಂಗಿಹಣ್ಣು ಕಣ್ಣಿಗೆ ಹಿತ. ಅವುಗಳಲ್ಲಿರುವ ಸತ್ವ ಇರುಳುಗಣ್ಣನ್ನು ತಡೆಯುತ್ತದೆ, ನಂಬರನ್ನು ಇಳಿಸುವುದಿಲ್ಲ. ಕಣ್ಣಿಗೆ ಹರಳೆಣ್ಣೆ, ಜೇನುತುಪ್ಪ, ಮೊಲೆಹಾಲು, ಸೊಪ್ಪಿನ ರಸ ಬಿಡುವ ರೂಢಿಯನ್ನು ಸಂಪೂರ್ಣವಾಗಿ ಬಿಡಬೇಕು. ಕಾರ್ನಿಯಾ ಹುಣ್ಣಾದರೆ ಅದರ ಕಲೆ ಶಾಶ್ವತವಾಗಿ ಉಳಿದೀತು. ಕಣ್ಣನ್ನು ಪದೇಪದೇ ಉಜ್ಜುವ ಮಕ್ಕಳನ್ನು ವೈದ್ಯರಿಗೆ ತೋರಿಸಿ. ಆ ಅಭ್ಯಾಸವೂ ಕಾರ್ನಿಯಾಕ್ಕೆ ಕೇಡು.

ಸಮಾಜದ ಹೊಣೆ

ಬೀಳಗಿಯಲ್ಲಿ 1916ರಲ್ಲಿ ಜನಿಸಿ 2005ರಲ್ಲಿ ನಮ್ಮನ್ನಗಲಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ತೆರಳಿ ಸಾಮೂಹಿಕ ನೇತ್ರ ಶಿಬಿರಗಳನ್ನು ನಡೆಸಿ ಅಸಂಖ್ಯಾತ ಬಡವರ ಪೊರೆ ತೆಗೆದರು. ಅಂದಿನಿಂದ ನಮ್ಮ ಜನರ ಮನಸ್ಸಿನಲ್ಲಿ ನೇತ್ರ ಶಿಬಿರವೆಂದರೆ ಪೊರೆಯ ಶಸ್ತ್ರಚಿಕಿತ್ಸೆ ಎಂಬ ಅರ್ಥವೇ ನಿಂತುಬಿಟ್ಟಿದೆ. ಪೊರೆಯ ವೃದ್ಧರನ್ನು ಕರೆದೊಯ್ಯುವಂತೆಯೇ, ಹಲಗೆ ಕಾಣದ ಬಾಲಕನನ್ನೂ ಎಳೆ ಕಾಣದ ನೇಕಾರನನ್ನೂ ಕರೆದೊಯ್ಯುವ ಕಾಲ ಬಂದಿದೆ.

ಇದಕ್ಕೆ ಬಹಳ ದೂರ ಹೋಗಬೇಕಿಲ್ಲ. ನಿಮ್ಮ ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ನೇತ್ರ ತಪಾಸಣೆಯ ದಿನವನ್ನು ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆಯಿದೆ. 1976ರಲ್ಲಿ ಮೊದಲಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾಮಕ್ಕಳಿಗೆ ಉಚಿತ ಕನ್ನಡಕದ ಅವಕಾಶವಿದೆ. ರಾಜ್ಯ ಸರ್ಕಾರದ ‘ಆಶಾಕಿರಣ’ ಯೋಜನೆಯ ಉದ್ದೇಶವೂ ಜನರ ಕಣ್ಣಿನ ತಪಾಸಣೆ ಮತ್ತು ಉಚಿತ ಕನ್ನಡಕವೇ. ಶಾಲೆಯಲ್ಲಿ ತಪಾಸಣೆ ನಡೆದಾಗ ಕೊಟ್ಟ ಚೀಟಿ ಮಗುವಿನ ಚೀಲದಲ್ಲೇ ಮಡಚಿಕೊಂಡು ಉಳಿಯದಂತೆ ನೋಡಿಕೊಳ್ಳಿ.

ನಮ್ಮ ಮಠಗಳಲ್ಲಿ ಅನ್ನದಾಸೋಹ, ಅಕ್ಷರದಾಸೋಹ ನಿರಂತರವಾಗಿ ನಡೆಯುತ್ತಿವೆ. ಊರಿನ ಸಮಾಜದ ಹಿರಿಯರು, ಅಕ್ಕನ ಬಳಗದ ಸೋದರಿಯರು, ಯುವಕ ಸಂಘದವರು ಕೂಡಿ ಬಸವ ಜಯಂತಿಯ ಸಮಯದಲ್ಲಿ ವರ್ಷಕ್ಕೊಮ್ಮೆ ನೇತ್ರವೈದ್ಯರನ್ನು ಬರಮಾಡಿಕೊಂಡು, ಜಾತಿ ಮತ ಕೇಳದೆ, ಬಂದವರೆಲ್ಲರ ಕಣ್ಣು ಪರೀಕ್ಷಿಸಿ ಇಲ್ಲದವರಿಗೆ ಕನ್ನಡಕ ಕೊಡಿಸಿದರೆ ಅದೂ ಒಂದು ದಾಸೋಹವೇ. ಮದುವೆಯ ಒಂದು ದಿನದ ದೀಪಾಲಂಕಾರಕ್ಕೆ ಮಾಡುವ ವೆಚ್ಚದಲ್ಲಿ ಎಷ್ಟೋ ಮನೆಗಳಿಗೆ ಬೆಳಕು ಕೊಡಬಹುದು.

ಈ ಸಂಚಿಕೆಯನ್ನು ಓದಿ ಮುಗಿಸಿದೊಡನೆ, ಮನೆಯಲ್ಲಿರುವ ಪ್ರತಿಯೊಬ್ಬರೂ ಒಂದೊಂದು ಕಣ್ಣನ್ನು ಮುಚ್ಚಿಕೊಂಡು ಇದೇ ಪುಟವನ್ನೊಮ್ಮೆ, ಎದುರು ಗೋಡೆಯ ಕ್ಯಾಲೆಂಡರನ್ನೊಮ್ಮೆ ನೋಡಲಿ ಎಂಬುದು ನಮ್ಮ ಪ್ರಾರ್ಥನೆ. ಮೊದಲು ಮಕ್ಕಳಿಂದ ಆರಂಭಿಸಿ.